ಡಾಕ್ಟರನ್ನೇ ಕೆಮ್ಮಿಸುವ ಮೂಟೆಯಣ್ಣ

ಗೋದಾಮಿನಲ್ಲಿ ಮೂಟೆ ಹೊರುವ ಮೂಟೆಯಣ್ಣನಿಗೆ ಧಣಿ ಕೊಡಬೇಕಾದ ಕೂಲಿ ಇನ್ನೂ ಬಾಕಿಯಿದೆ. ಅದರ ಬದಲು ಫೋನಿನಲ್ಲೇ ರೋಗ ನೋಡುವ ಬಿಟ್ಟಿ ಖಾಸಗಿ ಡಾಕ್ಟರನ್ನು ಕೊಟ್ಟಿದ್ದಾನೆ. ಬಿಟ್ಟಿ ಸಿಕ್ಕಿದ್ದರ ಮೇಲೆ ಮೂಟೆಯಣ್ಣನಿಗೆ ಹುಟ್ಟಿನಿಂದಲೇ ಅನುಮಾನ. ಪರದೆಯ ಮೇಲೆ ಮುಖ ಮೂಡಿದ ಕೂಡಲೇ ತಪಾಸಣೆ ಶುರು ಮಾಡುವವನು ಇವನೇ. "ಡಾಕ್ಟ್ರೇ, ಒಂದ್ಸಲ ಕೆಮ್ಮಿ. ನೀವು ಮನುಷ್ಯರೋ ಬೊಂಬೆಯೋ ಗೊತ್ತಾಗ್ಲಿ." ಪಾಪ, ಡಾಕ್ಟರು ಕೆಮ್ಮುತ್ತಾರೆ. ಅವರು ನಾಲಿಗೆ ತೋರಿಸು ಅಂದರೆ, "ಮೊದ್ಲು ನಿಮ್ಮ ಕೈ ತೋರ್ಸಿ" ಅನ್ನುತ್ತಾನೆ. ಫೋನನ್ನು ಅಂಗಿಯೊಳಗೆ ತೂರಿಸಿ, "ಎದೆ ಬಡಿತ ಕೇಳಿಸ್ತಾ?" ಎಂದು ಕೂಗುತ್ತಾನೆ. "ರೋಗಿ ಯಾರ್ರೀ, ನೀವಾ ಅವರಾ?" ಎಂದು ಹೆಂಡತಿ ಗೊಣಗುತ್ತಾಳೆ. ಮಾತ್ರೆ ಮನೆಬಾಗಿಲಿಗೇ ಬರುತ್ತದೆ, ಅವನು ನುಂಗುವುದಿಲ್ಲ. ಕನ್ನಡಿಯ ಹಿಂದೆ ಸಿಕ್ಕಿಸಿಡುತ್ತಾನೆ. ಅಲ್ಲಿ ಅವನ ಅಕ್ಕನ ಮಾತ್ರೆ ಶೀಟೂ ಇದೆ, ಅದರಲ್ಲಿ ಕಮ್ಮಿಯಾಗಿರುವುದು ಒಂದೇ ಮಾತ್ರೆ. ಅದೇ ಗೋದಾಮಿನಲ್ಲಿ ಕಾಳು ಹಸನು ಮಾಡುತ್ತಿದ್ದ ಅಕ್ಕ ಎದೆನೋವು ಅಂದಾಗ, ಇದೇ ಫೋನು ಎರಡೇ ಮಾತಿನಲ್ಲಿ ಗ್ಯಾಸು ಅಂದು ಮುಗಿಸಿತ್ತು. ಎರಡನೆಯ ಮಾತ್ರೆ ನುಂಗಲು ಆಕೆ ಉಳಿಯಲಿಲ್ಲ. ಈಗ ಇವನ ಎದೆಯೂ ನೋಯುತ್ತಿದೆ. ನಗುವುದನ್ನು ಬಿಟ್ಟು ಹೇಳಿ: ಎದೆ ಮುಟ್ಟಿ ನೋಡುವ ಡಾಕ್ಟರು ಬೇಕು ಎಂದು ನಾಳೆ ಇವನು ಗೋದಾಮಿನ ಬಾಗಿಲಿಗೆ ಅಡ್ಡ ಕೂರುವಾಗ, ಪಕ್ಕದಲ್ಲಿ ನೀವು ಕೂರುತ್ತೀರೋ ಇಲ್ಲವೋ?