ಕೆಂಪು ಚೀಟಿಯ ಮೇಲೆ ಬರೆದ ‘ಸುಮ್ಮಾ’

ಗಂಡ ತೀರಿಕೊಂಡ ಹತ್ತನೇ ತಿಂಗಳು ಜಾನಮ್ಮ ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಕೆಲಸಕ್ಕೆ ಸೇರಿದಳು. ಮೊದಲ ದಿನ ಬೆಳಗ್ಗೆ ಎಂಟೂವರೆಗೆ ಕಟಿಂಗ್ ಮಾಸ್ಟರ್ ಚೆನ್ನಿಯಪ್ಪನ್ ತಮಿಳಲ್ಲಿ ಅವಳ ಹೆಸರು ಕೇಳಿದರು. ಉತ್ತರದಲ್ಲೇ ಅವಳ ಮನೆಮಾತು ಯಾವುದೆಂದು ಹಿಡಿದು ಕನ್ನಡಕ್ಕೆ ತಿರುಗಿದರು. ಅವರದೂ ನೆಗಮಂ ಊರಿನ ಕನ್ನಡ ಮಾತಾಡುವ ನೇಕಾರರ ಮನೆ.

ಹಲಗೆಯ ಮೇಲೆ ಬಿಚ್ಚಿಟ್ಟ ಬಟ್ಟೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಅವಳು ಕೈ ಹಾಕಲು ಹೋದಳು.

“ಮುಟ್ಟಬೇಡಮ್ಮಾ. ಅದು ಸುಮ್ಮನೆ ಇರಲಿ. ನೀನೂ ಸುಮ್ಮನೆ ಕೂತಿರು.”

ಜಾನಮ್ಮನಿಗೆ ರೇಗಿತು. ಸುಮ್ಮನೆ ಕೂರೋದಾದರೆ ಎರಡು ಬಸ್ಸು ಹತ್ತಿ ಯಾಕೆ ಬರಬೇಕಿತ್ತು, ಮನೆ ಜಗಲಿ ಸಾಲದಿತ್ತೇ ಅಂದಳು. ಅವರು ನಕ್ಕು ಅವಳ ಕೈಗೆ ಸೀಮೆಸುಣ್ಣ ಕೊಟ್ಟರು. ಆಗಷ್ಟೇ ಬಿಚ್ಚಿದ ಬಟ್ಟೆಯ ಮೇಲೆ ಸರಿಯಾಗಿ ಒಂದು ಮೀಟರ್ ದೂರಕ್ಕೆ ಎರಡು ಗೆರೆ ಹಾಕಿಸಿದರು. ಮರುದಿನ ಅದೇ ಗೆರೆಗಳ ನಡುವೆ ಟೇಪು ಹಿಡಿದರೆ ಎರಡು ಬೆರಳು ಕಮ್ಮಿ. ಹೆಣೆದ ಬಟ್ಟೆಯನ್ನು ಎಳೆದು ಎಳೆದೇ ಸುರುಳಿ ಸುತ್ತಿರುತ್ತಾರೆ, ಬಿಚ್ಚಿ ಒಂದು ದಿನ ಬಿಟ್ಟರೆ ಅದು ತನ್ನ ಅಳತೆಗೆ ತಾನೇ ಬರುತ್ತದೆ, ಕತ್ತರಿ ಆಮೇಲೆ ಎಂದರು. ಹನ್ನೊಂದು ವರ್ಷ ಅವರ ಮೇಜಿನಿಂದ ಹೋದ ಒಂದು ಪೀಸೂ ಅಳತೆ ಕೆಟ್ಟು ವಾಪಸ್ ಬರಲಿಲ್ಲ. ಜಾನಮ್ಮ ಇದಕ್ಕೆ ಸಾಕ್ಷಿ.

ಈ ವರ್ಷ ಪೊಂಗಲ್ ಕಳೆದ ಮೇಲೆ ಮ್ಯಾನೇಜರ್ ಸತೀಶ್‌ಕುಮಾರ್ ಎಲ್ಲರನ್ನೂ ನಿಲ್ಲಿಸಿ ಮಾತಾಡಿದ. ಕಂಪನಿಯ ಕೆಲಸದ ರೀತಿ ಬದಲಾಯಿಸಬೇಕಂತೆ. ಅದಕ್ಕೆ ಮೊದಲು ಮೂರು ವಾರ ಪ್ರತಿ ಮೇಜಿನ ಹತ್ತಿರ ಕೂತು ನೋಡಿ, ಕೆಲಸದವರ ಮಾತು ಕೇಳಿ, ಏನನ್ನು ಬದಲಾಯಿಸಬೇಕು, ಏನನ್ನು ಮುಟ್ಟಬಾರದು ಎಂದು ಗೆರೆ ಎಳೆಯುತ್ತಾರಂತೆ. ಮಾತು ಚೆನ್ನಾಗೇ ಇತ್ತು.

ಕೊಯಮತ್ತೂರಿನಿಂದ ಕೃತ್ತಿಕಾ ಅನ್ನುವ ಹುಡುಗಿ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯಲು ಗಡಿಯಾರ ಹಿಡಿದು ಬಂದಳು. ಮೂರು ವಾರ ಅಂದದ್ದು ಮೂರು ದಿನವಾಯಿತು. ಕಟಿಂಗ್ ರೂಮಿಗೆ ಸಿಕ್ಕಿದ್ದು ಊಟದ ಬೆಲ್ಲಿಗೆ ಮುಂಚಿನ ಹತ್ತು ನಿಮಿಷ. ಬಟ್ಟೆಯ ಕಡೆ ಬೆರಳು ತೋರಿಸಿ, ಇದು ಇಲ್ಲಿ ಏನು ಮಾಡುತ್ತಿದೆ ಎಂದು ತಮಿಳಲ್ಲಿ ಕೇಳಿದಳು. ಚೆನ್ನಿಯಪ್ಪನ್ ಗೆರೆ ಹಾಕುತ್ತಿದ್ದವರು ತಲೆ ಎತ್ತಲಿಲ್ಲ.

“ಸುಮ್ಮಾ ಕೆಡಕ್ಕುದು.”

ಸುಮ್ಮನೆ ಬಿದ್ದಿದೆ ಅಂದರು. ಹುಡುಗಿ ಬರೆದುಕೊಂಡಳು. ಜಾನಮ್ಮ ಬಾಯಿ ತೆರೆಯುವಷ್ಟರಲ್ಲಿ ಬೆಲ್ಲು ಹೊಡೆಯಿತು.

ಸೋಮವಾರ ಕುಡಿಯುವ ನೀರಿನ ಪಕ್ಕದ ಗೋಡೆಗೆ ಚಾರ್ಟ್ ಬಂತು. ಬೇಕಾದ ಕೆಲಸಕ್ಕೆ ಹಸಿರು ಚೀಟಿ, ತೆಗೆದುಹಾಕುವುದಕ್ಕೆ ಕೆಂಪು. ಜಾನಮ್ಮ ತಮಿಳಲ್ಲಿ ಮೂರನೇ ಕ್ಲಾಸು. ಅಕ್ಷರಕ್ಕೆ ಅಕ್ಷರ ಕೂಡಿಸಿ ಕೆಂಪು ಚೀಟಿ ಓದಿದಳು: ಸುಮ್ಮಾ, 24 ಗಂಟೆ.

ಚೆನ್ನಿಯಪ್ಪನ್ ಆಫೀಸಿಗೆ ಹೋಗಿ ಬಂದರು. ಗೆರೆ ಎಳೆದಾಗಿದೆಯಂತೆ, ಕಂಪನಿಯ ಯಜಮಾನ ಮುದಲಾಳಿ ಒಪ್ಪಿಯಾಗಿದೆಯಂತೆ, ಏನಿದ್ದರೂ ಇನ್ನು ಮುಂದಿನ ಸಲವಂತೆ. ಸುರುಳಿಯಿಂದ ಬಟ್ಟೆ ಸೀದಾ ಕತ್ತರಿಗೆ ಬರತೊಡಗಿತು. ಎರಡು ಬೆರಳು ಜಾಸ್ತಿ ಬಿಟ್ಟು ಕತ್ತರಿಸಲೇ ಎಂದು ಕೇಳಿದರು. ಬಟ್ಟೆ ದಂಡ, ಬೇಡ ಅಂದರು ಆಫೀಸಿನವರು. ಚೆನ್ನಿಯಪ್ಪನ್ ಮೂರು ದಿನ ವಾದ ಮಾಡಿದರು. ನಾಲ್ಕನೇ ದಿನ ಹೊಲಿಗೆಯ ಅರವತ್ತು ಹೆಂಗಸರು ಬರಿಗೈಲಿ ಕೂತಿದ್ದನ್ನು ನೋಡಿ ಕತ್ತರಿಸಿದರು.

ಬೈಯರ್ ಕಡೆಯವರು ಒಗೆದು ಅಳತೆ ಹಿಡಿದಾಗ ನಾಲ್ಕು ಸಾವಿರದ ಇನ್ನೂರು ಪೀಸ್ ಗಿಡ್ಡ. ದೊಡ್ಡವರ ಬನಿಯನ್ ಸೊಂಟಕ್ಕೆ ಎರಡು ಬೆರಳು ಮೇಲೇ ನಿಂತಿತ್ತು. ಆ ಸಂಜೆ ಸತೀಶ್‌ಕುಮಾರ್ ಒಂದು ಕಾಗದ ತಂದ. ಅಳತೆ ತಪ್ಪಿದ್ದು ಕಟಿಂಗ್ ಮಾಸ್ಟರ್ ಕೈಯಿಂದ, ಸಹಿ ಹಾಕಿ ಅಂದ. ಚೆನ್ನಿಯಪ್ಪನ್ ಕಾಗದ ಮುಟ್ಟಲಿಲ್ಲ. ಟೇಪನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೊರಟೇಹೋದರು.

ಜಾನಮ್ಮ ಮರುದಿನ ಚಾರ್ಟಿನಿಂದ ಕೆಂಪು ಚೀಟಿ ಕಿತ್ತಳು. ಆಫೀಸಿಗೆ ನುಗ್ಗಿ ಸತೀಶ್‌ಕುಮಾರನ ಮುಂದೆ ಅದನ್ನು ಒತ್ತಿ ಇಟ್ಟಳು.

“ಹಿಟ್ಟು ರುಬ್ಬಿ ಇಟ್ಟ ಮೇಲೆ ಅದು ಏನು ಮಾಡುತ್ತೆ ಸಾರ್? ಸುಮ್ಮನೆ ಇರುತ್ತೆ. ಅದಕ್ಕೂ ಕೆಂಪು ಚೀಟಿ ಅಂಟಿಸಿ, ನಾಳೆ ಇಡ್ಲಿ ಹೇಗೆ ಬರುತ್ತೆ ನೋಡೋಣ.”

ಅಲ್ಲೇ ಕೂತಿದ್ದ ಕೃತ್ತಿಕಾ, ಅವತ್ತೇ ಹೇಳಬಾರದಿತ್ತಾ ಅಮ್ಮಾ ಅಂದಳು.

“ಕೇಳೋಕೆ ನೀನೆಲ್ಲಿ ನಿಂತೆ ಮಗಳೇ?”

ಹುಡುಗಿ ತಲೆ ತಗ್ಗಿಸಿದಳು. ಸತೀಶ್‌ಕುಮಾರ್ ತಗ್ಗಿಸಲಿಲ್ಲ. ಸಹಿಯ ಕಾಗದ ಹರಿದು ಹಾಕಿದ, ಅಷ್ಟೇ. ಮಾಸ್ಟರನ್ನು ವಾಪಸ್ ಕರೆಯಲು ಯಾರೂ ಹೋಗಲಿಲ್ಲ. ಹದಿನೈದು ದಿನಕ್ಕೆ ಆ ಜಾಗದಲ್ಲಿ ಹಸಿರು ಚೀಟಿ ಬಂತು: ರಿಲಾಕ್ಸಿಂಗ್, 24 ಗಂಟೆ. ಈ ಸುಧಾರಣೆ ಕಂಡುಹಿಡಿದವರು ಎಂದು ಕೆಳಗೆ ಸತೀಶ್‌ಕುಮಾರನ ಹೆಸರು.

ಭಾನುವಾರ ಜಾನಮ್ಮ ಮಾಸ್ಟರು ಬಿಟ್ಟುಹೋದ ಟೇಪು ತೆಗೆದುಕೊಂಡು ನೆಗಮಂಗೆ ಹೋದಳು. ಚೆನ್ನಿಯಪ್ಪನ್ ತಮ್ಮನ ಮಗ್ಗದ ಪಕ್ಕ ಕೂತು ನೂಲು ಬಿಡಿಸುತ್ತಿದ್ದರು. ಹಸಿರು ಚೀಟಿಯ ಕತೆ ಹೇಳುತ್ತಾ ಅವಳ ದನಿ ಏರಿತು. ಅವರ ದನಿ ಏರಲಿಲ್ಲ. ನಾವು ನಾವೇ ಆಡುವ ‘ಸುಮ್ಮಾ’ ಎಂಬ ಮಾತನ್ನು ಗಡಿಯಾರ ಹಿಡಿದವಳ ಮುಂದೆ ಆಡಿದ್ದು ನನ್ನ ತಪ್ಪು ಎಂದರು. ಅಣ್ಣಾ, ನಿಮ್ಮ ತಪ್ಪು ಒಂದು ದಾರವೂ ಇಲ್ಲ ಎಂದು ಅವಳು ಅವರ ಮೇಲೂ ರೇಗಿದಳು.

ಬಸ್ಸಿನ ತನಕ ಜೊತೆಗೆ ಬಂದರು. ಅವಳು ಮೆಟ್ಟಿಲಿಗೆ ಕಾಲಿಟ್ಟಾಗ ಟೇಪನ್ನು ಅವಳ ಕೈಗೇ ವಾಪಸ್ ಇಟ್ಟರು.

“ಜಾನಮ್ಮಾ, ಇನ್ನೊಬ್ಬರು ಗಡಿಯಾರ ಹಿಡ್ಕೊಂಡು ಬಂದು ಬಟ್ಟೆ ಏನು ಮಾಡ್ತಾ ಇದೆ ಅಂತ ಕೇಳಿದ್ರೆ, ನೀನೇನು ಹೇಳ್ತೀಯಾ?”