ದೂತೆಗೆ ಹನ್ನೆರಡು ನಿಮಿಷ

ಕೊಪ್ಪದ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ, ಹಾರ, ಶಾಲು, ಹಣ್ಣಿನ ಬುಟ್ಟಿಗಳ ಸಮೇತ ನಿವೃತ್ತನಾದವನು ನಾನು. ಅಷ್ಟು ವಿಧ್ಯುಕ್ತವಾಗಿ ಮುಗಿಸಿ ಕಳಿಸಿದ ಮನುಷ್ಯನನ್ನು ಮತ್ತೆ ಕೆಲಸಕ್ಕೆ ಕರೆಯಬಾರದು. ಕರೆದರು. ನಾನು ಹೋಗಬಾರದಿತ್ತು. ಹೋದೆ. ನರಸಿಂಹರಾಜಪುರದ ಕಡೆಯ ಗುಡ್ಡವೊಂದರ ಮೇಲೆ ಅಂತಾರಾಷ್ಟ್ರೀಯ ಶಾಲೆಯೊಂದು ತಲೆಯೆತ್ತಿತ್ತು. ಅದರ ಕನ್ನಡ ವಿಭಾಗವೆಂದರೆ ನಾನು, ಒಂದು ಕಪಾಟು ಮತ್ತು ಆ ಕಪಾಟಿನ ಬೀಗದ ಕೈ.

ಶಾಲೆ ಯಾವ ಅರ್ಥದಲ್ಲಿ ಅಂತಾರಾಷ್ಟ್ರೀಯ ಎಂದು ಊರಿನವರು ಆಗಾಗ ನನ್ನನ್ನು ವಿಚಾರಿಸುತ್ತಿದ್ದರು. ಮಸ್ಕತ್ತಿನಿಂದ, ಪುಣೆಯಿಂದ, ನೈರೋಬಿಯಿಂದ ಬಂದ ಮಕ್ಕಳಿದ್ದಾರೆ ಎಂದು ನಾನು ಹೇಳುತ್ತಿದ್ದೆ. ನನಗೆ ಖಾತ್ರಿಯಾದದ್ದು ಬೇರೆ ಕಾರಣಕ್ಕೆ. ಅಲ್ಲಿ ಗಂಟೆ ಹೊಡೆಯುವುದಿಲ್ಲ. ಗೋಡೆಯೊಳಗಿನಿಂದ ಪಿಯಾನೊ ನುಡಿಯುತ್ತದೆ, ಮಕ್ಕಳು ಎದ್ದು ಹೋಗುತ್ತಾರೆ. ಮೊದಲ ತಿಂಗಳೆಲ್ಲ ನಾನು ಪಿಯಾನೊ ಮುಗಿಯಲಿ ಎಂದು ಕಾದು ಪಾಠ ಮುಂದುವರಿಸುತ್ತಿದ್ದೆ, ಖಾಲಿ ಬೆಂಚುಗಳಿಗೆ.

ಪ್ರತಿ ವರ್ಷ ಫೆಬ್ರವರಿಯಲ್ಲಿ ಅಲ್ಲಿ ಕಲೆ ಮತ್ತು ಸಾಧನೆಗಳ ದಿನ. ಇಡೀ ದಿನದ ಉತ್ಸವ. ಚಿತ್ರ, ಜೇಡಿಮಣ್ಣಿನ ಕೆಲಸ, ನಾಟಕ, ಗಿಟಾರು ಎಲ್ಲ ಇರುತ್ತದೆ, ಆದರೆ ಮೊದಲ ಬಹುಮಾನ, ಎರಡನೆಯ ಬಹುಮಾನ ಎಂಬುದಿಲ್ಲ. ಮಕ್ಕಳಲ್ಲಿ ಒಬ್ಬರೊಡನೆ ಒಬ್ಬರನ್ನು ಹೋಲಿಸಬಾರದಂತೆ. ಜೀವಮಾನವೆಲ್ಲ ಹೋಲಿಸಿಯೇ ಸಂಬಳ ತೆಗೆದುಕೊಂಡ ನನಗೆ ಇದು ಉಪ್ಪು ಹಾಕದ ಸಾರಿನ ಹಾಗೆ ಕಂಡಿತು. ಬಹುಮಾನದ ಬದಲು ಪ್ರತಿ ಮಗುವಿಗೂ ಒಂದು ಕಡತವಿತ್ತು. ಮಗು ಹಾಡಿದ್ದು, ಆಡಿದ್ದು, ಬರೆದದ್ದು ಎಲ್ಲ ಅದರಲ್ಲಿ ದಾಖಲಾಗಬೇಕು.

ಹತ್ತನೆಯ ತರಗತಿಯ ಒಬ್ಬ ಹುಡುಗಿಯ ಕಡತದಲ್ಲಿ ಕಲೆಯ ಪುಟ ಪೂರ್ತಿ ಖಾಲಿ ಇತ್ತು. ಅವಳು ನಾರ್ವೆಯ ಕನ್ನಡ ಶಾಲೆಯಿಂದ ಬಂದವಳು. ಯುರೋಪಿನ ನಾರ್ವೆಯಲ್ಲ, ನಮ್ಮ ಕೊಪ್ಪದ ಹತ್ತಿರದ ಹಳ್ಳಿ. ಅಪ್ಪ ಬಸರೀಕಟ್ಟೆಯಲ್ಲಿ ಜೀಪು ಓಡಿಸುತ್ತಾನೆ, ಕಾಫಿ ತೋಟಗಳಿಗೆ ಆಳುಗಳನ್ನು ಒಯ್ಯುವ ಜೀಪು. ಊರಿನ ಮಕ್ಕಳಿಗೆಂದು ಶಾಲೆ ಶುಲ್ಕವಿಲ್ಲದ ಕೆಲವು ಸೀಟು ಇಟ್ಟಿತ್ತು, ಅದರಲ್ಲೊಂದು ಅವಳದು. ಹತ್ತು ಮುಗಿದ ಮೇಲೆ ಇನ್ನೆರಡು ವರ್ಷ ಆ ಸೀಟು ಮುಂದುವರಿಯಬೇಕಾದರೆ ಸಮಿತಿಯೊಂದು ಅಂಕವನ್ನೂ ನೋಡುತ್ತದೆ, ಕಡತವನ್ನೂ ನೋಡುತ್ತದೆ. ಅಂಕಕ್ಕೆ ಕೊರತೆಯಿರಲಿಲ್ಲ. ಆದರೆ ಸೇರಿದ ಮೊದಲ ವಾರ ಅವಳು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದಾಗ ಎಲ್ಲರೂ ನಕ್ಕಿದ್ದರಂತೆ. ಅಂದು ಮುಚ್ಚಿದ ಬಾಯಿಯನ್ನು ಅವಳು ಎರಡು ವರ್ಷ ತೆರೆದಿರಲಿಲ್ಲ. ತೀರಾ ಅಂತರ್ಮುಖಿ ಎಂದು ಉಳಿದ ಶಿಕ್ಷಕರ ಷರಾ.

ನನಗೆ ಮಾತ್ರ ಈ ವಿಷಯದಲ್ಲಿ ಬೇರೆ ಸಾಕ್ಷ್ಯವಿತ್ತು. ಮಧ್ಯಾಹ್ನ ನಾನು ಕಾಫಿಗೆ ಅಡುಗೆಮನೆಯ ಹಿಂಬಾಗಿಲಿಗೆ ಹೋಗುತ್ತಿದ್ದೆ. ಅಲ್ಲಿ ಆ ಅಂತರ್ಮುಖಿ, ಪಲ್ಯಕ್ಕೆ ಕಾಯಿ ಮೊದಲು ಹಾಕಬೇಕೋ ಕೊನೆಗೆ ಹಾಕಬೇಕೋ ಎಂಬ ಬಗ್ಗೆ ಮೂವರು ಅಡುಗೆಯ ಹೆಂಗಸರನ್ನು ಏಕಕಾಲಕ್ಕೆ ನಿರುತ್ತರಗೊಳಿಸುತ್ತಿರುವುದನ್ನು ಕಣ್ಣಾರೆ ಕಂಡಿದ್ದೆ.

ಒಂದು ದಿನ ಕರೆದು ಕೇಳಿದೆ. "ಎಂತ ಮಾರಾಯ್ತಿ, ಈ ಪುಟ ಹೀಗೆ ಬಿಳಿ ಇದ್ಯಲ್ಲ?"

"ನಂಗೆ ಎಂತದೂ ಬರಲ್ಲ ಸರ್. ಹಾಡು ಬರಲ್ಲ, ಡಾನ್ಸ್ ಬರಲ್ಲ."

"ಜಗಳ ಬರ್ತದಲ್ಲ."

ಅವಳು ಅನುಮಾನದಿಂದ ನೋಡಿದಳು. "ಅದು ಕಲೆಯಾ ಸರ್?"

"ನಮ್ಮ ಕಡೆ ಕಲೆಯೇ," ಎಂದೆ.

ನಾನು ಸುಳ್ಳು ಹೇಳಿರಲಿಲ್ಲ. ತಾಳಮದ್ದಲೆ ಎಂದರೆ ಅದೇ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಮದ್ದಲೆ ನುಡಿಯುತ್ತದೆ. ಬಿಳಿ ಪಂಚೆಯುಟ್ಟು ಎದುರುಬದುರು ಕೂತ ಇಬ್ಬರು ಅರ್ಥಧಾರಿಗಳು ರಾಜನೋ ದೂತನೋ ಆಗಿ ಆ ಪದ್ಯದ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತ ವಾದಕ್ಕಿಳಿಯುತ್ತಾರೆ. ಬರೆದದ್ದು ಪದ್ಯ ಮಾತ್ರ, ಮಾತೆಲ್ಲ ಆ ಕ್ಷಣದ್ದು. ಎದುರಿನವನು ಎಂಥ ಪ್ರಶ್ನೆ ಎಸೆಯುತ್ತಾನೆಂದು ಇವನಿಗೆ ಗೊತ್ತಿರುವುದಿಲ್ಲ. ನಾನೂ ಒಂದು ಕಾಲದಲ್ಲಿ ಸುತ್ತಮುತ್ತ ಹೋಗಿ ಕೂತವನೇ. ಶೃಂಗೇರಿಯ ಕಡೆ ಒಮ್ಮೆ ಎದುರಾಳಿಯ ಪ್ರಶ್ನೆಗೆ ಉತ್ತರ ಹೊಳೆಯದೆ ಎರಡು ಸಲ ನೀರು ಕೇಳಿ ಕುಡಿದದ್ದು ನನ್ನ ಸಾಧನೆ.

ಉತ್ಸವದ ಸಂಯೋಜಕಿ ಮೈಸೂರಿನವರು, ಬಹಳ ಶಿಸ್ತಿನ ಹೆಣ್ಣುಮಗಳು. ಅವರ ಮೇಜಿನ ಮೇಲೆ ಪೆನ್ನುಗಳು ಎತ್ತರದ ಪ್ರಕಾರ ನಿಂತಿರುತ್ತಿದ್ದವು.

"ತುಂಬ ಒಳ್ಳೆಯ ಯೋಚನೆ ಸರ್. ಹನ್ನೆರಡು ನಿಮಿಷ ಕೊಡ್ತೀನಿ. ಸೋಮವಾರದ ಒಳಗೆ ಸ್ಕ್ರಿಪ್ಟ್ ಕೊಡಿ."

"ಅದಕ್ಕೆ ಸ್ಕ್ರಿಪ್ಟ್ ಇರೋದಿಲ್ಲ ಮೇಡಂ."

"ಮತ್ತೆ ಆ ಹುಡುಗಿ ಏನು ಮಾತಾಡ್ತಾಳೆ?"

"ಎದುರಿನವನು ಏನು ಹೇಳ್ತಾನೋ ಅದರ ಮೇಲೆ."

"ಅವನು ಏನು ಹೇಳ್ತಾನೆ?"

"ಇವಳು ಏನು ಹೇಳ್ತಾಳೋ ಅದರ ಮೇಲೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ವರ್ಷ ನಾಟಕದ ಹುಡುಗರು ಸ್ಕ್ರಿಪ್ಟಿನಲ್ಲಿ ಇಲ್ಲದ ಒಂದು ದೃಶ್ಯವನ್ನು ಸೇರಿಸಿ ಪ್ರಾಂಶುಪಾಲರ ನಡಿಗೆಯನ್ನು ಅಭಿನಯಿಸಿದ್ದರು. ಆಮೇಲೆ ನಿಯಮ ಬಂದಿತ್ತು. ಅನುಮೋದನೆಯಾದ ಮಾತನ್ನೇ ವೇದಿಕೆಯಲ್ಲಿ ಆಡಬೇಕು, ಬಿಟ್ಟು ಬೇರೆ ಆಡಿದರೆ ಅದು ಕಡತಕ್ಕೆ ಸೇರುವುದಿಲ್ಲ.

ಕಡತಕ್ಕೆ ಸೇರದಿದ್ದರೆ ಈ ಉದ್ಯೋಗವೇ ವ್ಯರ್ಥ. ಹಾಗಾಗಿ ನನ್ನ ಪೂರ್ವಿಕ ಅರ್ಥಧಾರಿಗಳೆಲ್ಲರ ಕ್ಷಮೆ ಕೋರಿ ಹನ್ನೊಂದು ಪುಟ ಸಂಭಾಷಣೆ ಬರೆದೆ. ಪ್ರಸಂಗವನ್ನೂ ನಾನೇ ಕಟ್ಟಿದೆ. ಮೇಲಿನೂರಿನ ರಾಜ ಹಳ್ಳಕ್ಕೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ್ದಾನೆ. ಕೆಳಗಿನೂರಿನ ದೂತೆ ನೀರು ಕೇಳಲು ಬರುತ್ತಾಳೆ. ದೂತೆ ನಮ್ಮ ಹುಡುಗಿ. ರಾಜನಾಗಲು ಒಪ್ಪಿದವನು ಮಸ್ಕತ್ತಿನಲ್ಲಿ ಬೆಳೆದ ಅವಳದೇ ತರಗತಿಯ ಹುಡುಗ. ಅವನು ನನ್ನ ಕನ್ನಡವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಉರು ಹೊಡೆದ. ಕೇಳಿದರೆ ರಾಜನ ಗಾಂಭೀರ್ಯಕ್ಕೆ ಭಂಗವೇನೂ ಇರಲಿಲ್ಲ, ನಡುನಡುವೆ ಮಹಾಪ್ರಾಣಗಳು ಮಾತ್ರ ಎಲ್ಲೆಲ್ಲೋ ಬಂದು ಕೂರುತ್ತಿದ್ದವು.

ಭಾಗವತಿಕೆಗೆ ಮುತ್ತಿನಕೊಪ್ಪದ ನನ್ನ ಹಳೆಯ ಸ್ನೇಹಿತನನ್ನು, ಅವನ ಜೊತೆಯ ಮದ್ದಲೆಯವನ ಸಮೇತ, ಒಪ್ಪಿಸಿದೆ. ತಪ್ಪಾದದ್ದು ಇಲ್ಲಿ. ಅವನಿಗೆ ಪದ್ಯಗಳನ್ನು ಕೊಟ್ಟೆನೇ ಹೊರತು ಮಾತಿನ ಹನ್ನೊಂದು ಪುಟ ಕೊಡಲಿಲ್ಲ. ಮಾತು ಬರೆದಿದೆ ಎಂಬುದನ್ನೂ ತಿಳಿಸಲಿಲ್ಲ. ನಲವತ್ತು ವರ್ಷ ಪದ ಹೇಳಿದ ಮನುಷ್ಯನಿಗೆ ಬಾಯಿಪಾಠದ ತಾಳಮದ್ದಲೆ ಎಂದು ಹೇಳಲು ನನಗೆ ನಾಚಿಕೆಯಾಗಿತ್ತು. ಹನ್ನೆರಡು ನಿಮಿಷ ಎಂದಷ್ಟೇ ಹೇಳಿದೆ.

"ಹನ್ನೆರಡು ನಿಮಿಷ ಶ್ರುತಿ ಹಿಡಿಯೋಕೇ ಬೇಕಲ್ಲ ಮಾರಾಯ," ಎಂದ.

ಉತ್ಸವದ ದಿನ ಮಧ್ಯಾಹ್ನ ಮೂರಕ್ಕೆ ನಮ್ಮ ಸರದಿ. ಹುಡುಗಿಯ ಅಪ್ಪ ಜೀಪು ತೊಳೆದು, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಕೂರಲು ಹೇಳಿದರೂ ಕೂರದೆ ಹಿಂದಿನ ಗೋಡೆಗೆ ಒರಗಿ ನಿಂತ. ಸಂಯೋಜಕಿ ವೇದಿಕೆಯ ಕೆಳಗೆ ಹಳದಿ ಮತ್ತು ಕೆಂಪು ಚೀಟಿ ಹಿಡಿದು ಕುಳಿತರು. ಹಳದಿ ತೋರಿಸಿದರೆ ಎರಡು ನಿಮಿಷ ಬಾಕಿ, ಕೆಂಪು ತೋರಿಸಿದರೆ ಎದ್ದುಬಿಡಬೇಕು. ಇನ್ನೊಂದು ಕೈಯಲ್ಲಿ ಅನುಮೋದಿತ ಪ್ರತಿ.

ಹುಡುಗಿ ಶುರು ಮಾಡಿದಳು. ಬರೆದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವವನು ಕೂಡ ಅದಕ್ಕಿಂತ ಭಾವ ತುಂಬಿ ಹೇಳುತ್ತಾನೆ. ರಾಜ ತನ್ನ ಎರಡು ಪುಟ ಒಪ್ಪಿಸಿ ನಿಲ್ಲಿಸಿದ. ಸಭೆಯಲ್ಲಿ ಆಕಳಿಕೆಗಳು ಸಾಲಾಗಿ ಹರಡಿದವು. ಈಗ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳಬೇಕಿತ್ತು.

ಎತ್ತಿಕೊಳ್ಳಲಿಲ್ಲ. ಮಾತು ಸಪ್ಪೆಯಾದಾಗ ಒಳ್ಳೆಯ ಭಾಗವತ ಏನು ಮಾಡುತ್ತಾನೋ ನನ್ನ ಸ್ನೇಹಿತ ಅದನ್ನೇ ಮಾಡಿದ. ತಾಳ ನಿಲ್ಲಿಸಿ, ರಾಜನ ಕಡೆ ತಿರುಗಿ, ಕಾಳಜಿಯಿಂದ ಕೇಳಿದ. "ಇಷ್ಟೇಯಾ ಪ್ರಭು? ದೂತೆ ಸೀದಾ ಬಂದು ನೀರು ಕೇಳ್ತಿದ್ದಾಳೆ. ನಿಮ್ಗೆ ಅವಳ ಹತ್ರ ಕೇಳೋದು ಎಂತದೂ ಇಲ್ವಾ?"

ಮಸ್ಕತ್ತಿನ ಹುಡುಗ ಸುಸಂಸ್ಕೃತ. ಹಿರಿಯರು ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕೆಂದು ಕಲಿತವನು. ಒಂದು ಕ್ಷಣ ಯೋಚಿಸಿ, "ಇದೆ," ಎಂದ. ಆಮೇಲೆ ದೂತೆಯತ್ತ ತಿರುಗಿ ತನ್ನ ಸ್ವಂತ ಕನ್ನಡದಲ್ಲಿ ಹೇಳಿದ. "ನಿಮ್ಮೂರಿಗೆ ನೀರು ಬೇಕು ಅಂದರೆ ನೀವೇ ಮಾಡಿಕೊಳ್ಳಿ. ಕೆಲವು ರಾಜ್ಯದಲ್ಲಿ ಸಮುದ್ರದಿಂದ ಮಾಡ್ತಾರೆ."

ಸಭೆ ನಕ್ಕಿತು. ಸಂಯೋಜಕಿ ಹನ್ನೊಂದು ಪುಟಗಳಲ್ಲಿ ಸಮುದ್ರವನ್ನು ಹುಡುಕತೊಡಗಿದರು.

ಹುಡುಗಿ ನನ್ನ ಕಡೆ ನೋಡಿದಳು. ಅವಳು ಕೇಳುತ್ತಿದ್ದುದೇನೆಂದು ನನಗೆ ಸ್ಪಷ್ಟವಿತ್ತು. ಬರೆದ ಮುಂದಿನ ಸಾಲು, 'ಪ್ರಭುವೇ, ತಮ್ಮ ಔದಾರ್ಯ ಲೋಕಪ್ರಸಿದ್ಧ' ಎಂದು. ಅದನ್ನು ಹೇಳಿದರೆ ಪುಟ ತುಂಬುತ್ತದೆ, ಸೀಟು ಉಳಿಯಬಹುದು, ತಾಳಮದ್ದಲೆ ಸಾಯುತ್ತದೆ. ಬೇರೆ ಹೇಳಿದರೆ ತಿರುಗುಮುರುಗು. ಹೂಂ ಅನ್ನುವ, ಊಹೂಂ ಅನ್ನುವ ಧೈರ್ಯ ಎರಡೂ ನನಗೆ ಬರಲಿಲ್ಲ. ಕನ್ನಡಕ ಒರೆಸತೊಡಗಿದೆ.

"ಪ್ರಭುಗಳೇ," ಎಂದಳು ಅವಳು. ದನಿ ಅಡುಗೆಮನೆಯ ಹಿಂಬಾಗಿಲಿನದು. "ಸಮುದ್ರ ಇರುವ ರಾಜರು ಸಮುದ್ರದ ಮಾತಾಡಲಿ. ನಿಮ್ಮಲ್ಲಿರುವುದು ಒಂದು ಹಳ್ಳ. ಅದನ್ನೂ ನೀವು ಮಾಡಿದ್ದಲ್ಲ."

"ಒಡ್ಡು ನಾನು ಕಟ್ಟಿದ್ದು."

"ಒಡ್ಡು ನಿಮ್ಮದೇ. ನೀವೇ ಇಟ್ಟುಕೊಳ್ಳಿ. ನೀರು ಬಿಡಿ."

"ನೀರು ಬಿಟ್ಟರೆ ಒಡ್ಡು ಯಾಕೆ?"

"ಅದನ್ನೇ ಕೇಳಿಕೊಂಡು ಬಾ ಅಂತ ಊರಿನವರು ನನ್ನನ್ನು ಕಳಿಸಿದ್ದು."

ಮದ್ದಲೆಯವನು ಹೇಳಿಸಿಕೊಳ್ಳದೆ ಒಂದು ಪೆಟ್ಟು ಕೊಟ್ಟ. ನಿದ್ದೆಗೆ ಜಾರಿದ್ದವರು ಎದ್ದು ಕೂತರು. ರಾಜನಿಗೂ ಉಮೇದು ಬಂತು. "ಇಷ್ಟು ದಿನ ನಿಮ್ಮೂರಿನವರು ಬಾಯಿ ಬಿಡಲಿಲ್ಲ. ಈಗ ಯಾಕೆ ಇಷ್ಟು ಮಾತು?" ಎಂದು ಕೇಳಿದ.

ಅವಳು ಅವನನ್ನೇ ನೇರ ನೋಡಿ ಹೇಳಿದಳು. "ಮೊದಲೊಮ್ಮೆ ಬಂದಿದ್ದೆವು ಪ್ರಭು. ನಾವು ಮಾತಾಡುವ ರೀತಿಗೆ ನಿಮ್ಮ ಸಭೆ ನಕ್ಕಿತು. ನಗು ನಿಂತ ಮೇಲೆ ಹೇಳುವ ಅಂತ ಕಾದೆವು. ಹಳ್ಳ ಬತ್ತಿತು, ನಗು ನಿಲ್ಲಲಿಲ್ಲ. ಇನ್ನು ಕಾದರೆ ಪ್ರಯೋಜನವಿಲ್ಲ ಅಂತ ಬಂದೆ."

ಹತ್ತನೆಯ ತರಗತಿಯವರು ಕೂತಿದ್ದ ಎರಡು ಸಾಲಿನಲ್ಲಿ ತಲೆಗಳು ತಗ್ಗಿದವು. ರಾಜ ತನ್ನ ಕೈ ನೋಡಿಕೊಂಡ. ಆಮೇಲೆ ಅವನು ಎತ್ತಿದ ದನಿ ರಾಜನದೂ ಆಗಿತ್ತು, ಹುಡುಗನದೂ ಆಗಿತ್ತು. "ಆ ದಿನ ನಾನೂ ನಕ್ಕಿದ್ದೆ. ತಪ್ಪಾಯ್ತು. ಅರ್ಧ ನೀರು ತಗೊಳ್ಳಿ."

"ತಪ್ಪು ಪೂರ್ತಿ ಒಪ್ಪಿ ನೀರು ಅರ್ಧ ಕೊಡೋದು ಯಾವ ಲೆಕ್ಕ ಪ್ರಭು?"

ಅಲ್ಲಿಂದ ಮುಂದೆ ಹಳದಿ ಚೀಟಿ ಮೇಲೆದ್ದಿತು, ಕೆಂಪು ಮೇಲೆದ್ದಿತು, ಕೊನೆಗೆ ಎರಡೂ ಒಟ್ಟಿಗೆ ಆಡಿದವು. ಭಾಗವತರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮಂಗಳ ಹಾಡುವಾಗ ಹತ್ತೊಂಬತ್ತು ನಿಮಿಷವಾಗಿತ್ತು.

ಹಿಂದಿನ ಗೋಡೆಯ ಹತ್ತಿರ ಅವಳ ಅಪ್ಪ ಸಿಕ್ಕ. "ಇದೇ ಮಾತು ಮನೇಲಿ ಆಡಿದ್ರೆ ನಾನು ಬೈತೇನೆ ಸರ್. ಇಲ್ಲಿ ಕೈ ತಟ್ತಾರೆ," ಎಂದ. ಆಮೇಲೆ ಮೆಲ್ಲಗೆ ಕೇಳಿದ. "ಸೀಟು ಉಳೀತದಾ ಸರ್?"

ನೋಡುವ, ಎಂದೆ. ಶಿಕ್ಷಣ ಇಲಾಖೆಯಲ್ಲಿ ಮೂವತ್ತು ವರ್ಷ ನನ್ನ ಬಾಯಲ್ಲಿದ್ದ ಪದ ಅದೇ.

ಮರುದಿನ ಸಂಯೋಜಕಿಯ ಮುಂದೆ ಅಪರಾಧಿಯಾಗಿ ನಿಂತೆ. ತಪ್ಪು ಹುಡುಗಿಯದಲ್ಲ, ಹುಡುಗನದಲ್ಲ, ಭಾಗವತರದಂತೂ ಅಲ್ಲವೇ ಅಲ್ಲ, ಇಲ್ಲದ ಸ್ಕ್ರಿಪ್ಟನ್ನು ಇದೆಯೆಂದು ಬರೆದುಕೊಟ್ಟ ಈ ಹಳೆಯ ಮೇಷ್ಟ್ರದು ಎಂದು ಹೇಳಿಕೆ ಕೊಟ್ಟೆ.

ಅವರು ಪೆನ್ನೊಂದನ್ನು ಎತ್ತಿ, ಮತ್ತೆ ಅದರ ಎತ್ತರದ ಜಾಗದಲ್ಲೇ ನಿಲ್ಲಿಸಿದರು. "ಸರ್, ನನಗೂ ಇಷ್ಟವಾಯ್ತು. ಆದರೆ ಅದು ನಿಜವಾಗಿ ಆ ಕ್ಷಣದಲ್ಲಿ ಹುಟ್ಟಿದ್ದು ಅಂತ ಸಮಿತಿಗೆ ನಾನು ಹೇಗೆ ಬರೆಯಲಿ? ನೀವು ಗುಟ್ಟಾಗಿ ಇನ್ನೊಂದು ಹನ್ನೊಂದು ಪುಟ ಕಲಿಸಿರಬಹುದು. ಅವಳನ್ನ ಕರೀರಿ. ಈ ಸಲ ನಾನೇ ರಾಜ."

ಹುಡುಗಿ ಬಂದಳು. ಸಂಯೋಜಕಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ರಾಜಠೀವಿಯಿಂದ ಕೇಳಿದರು. "ನೀರು ಬೇಕು ಅಂದ್ಯಲ್ಲ. ಅರ್ಜಿ ಎಲ್ಲಿ?"

ಹುಡುಗಿ ಒಮ್ಮೆ ಕಿಟಕಿಯ ಹೊರಗೆ ನೋಡಿ, ತಿರುಗಿ ಹೇಳಿದಳು. "ಅರ್ಜಿ ಬರೆಯೋಕೆ ಶಾಯಿ ಕಲಸಬೇಕು ಪ್ರಭು. ಶಾಯಿಗೆ ನೀರು ಬೇಕು. ಇವತ್ತು ನೀರು ಬಿಡಿ, ನಾಳೆ ಬೆಳಿಗ್ಗೆ ಅರ್ಜಿ ತರ್ತೇನೆ."

ಸಂಯೋಜಕಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಇನ್ನೊಂದು ಪ್ರಶ್ನೆ ಹಾಕಿದರು, ಮತ್ತೊಂದು ಹಾಕಿದರು. ಪರೀಕ್ಷೆ ಮಾಡಲು ಕೂತವರು ಅರ್ಧ ಗಂಟೆಯಲ್ಲಿ ಗೆಲ್ಲಲು ಕೂತವರಾಗಿದ್ದರು. ಪಿಯಾನೊ ನುಡಿಯಿತು, ಯಾರೂ ಏಳಲಿಲ್ಲ. ಕೊನೆಗೆ ರಾಜರು ಸೋತು ಕಡತ ತರಿಸಿದರು. ಕಲೆಯ ಪುಟದಲ್ಲಿ ತಾಳಮದ್ದಲೆ ಎಂದು ಬರೆದು, ಸ್ಕ್ರಿಪ್ಟ್ ಲಗತ್ತಿಸಿ ಎಂಬಲ್ಲಿ ಗೆರೆ ಎಳೆದು, 'ಈ ಕಲೆಗೆ ಸ್ಕ್ರಿಪ್ಟ್ ಇರುವುದಿಲ್ಲ. ನಾನೇ ಪರೀಕ್ಷಿಸಿದ್ದೇನೆ' ಎಂದು ಸಹಿ ಹಾಕಿದರು. ಶಾಲೆಯ ಇತಿಹಾಸದಲ್ಲಿ ನಿಯಮವೊಂದು ತಾನಾಗಿ ದಾರಿ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಏಪ್ರಿಲಿನಲ್ಲಿ ಸಮಿತಿಯ ಪತ್ರ ಬಂತು. ಇನ್ನೆರಡು ವರ್ಷಕ್ಕೆ ಸೀಟು ಮುಂದುವರಿದಿತ್ತು. ಹುಡುಗಿ ಪತ್ರ ಹಿಡಿದುಕೊಂಡು ನನ್ನ ಕಪಾಟಿನ ಬಳಿ ಬಂದಳು. ಕೃತಜ್ಞತೆಯ ಮಾತಿಗೆ ನಾನು ಮುಖವನ್ನು ಯಥೋಚಿತವಾಗಿ ಸಿದ್ಧಪಡಿಸಿಕೊಂಡೆ.

"ಸರ್, ಮುಂದಿನ ವರ್ಷ ನಾನು ರಾಜ ಆಗ್ತೇನೆ," ಎಂದಳು.

"ಯಾಕೆ? ದೂತೆ ಚೆನ್ನಾಗೇ ಆಯ್ತಲ್ಲ."

"ಅಲ್ಲ ಸರ್. ನೀರು ಬಿಡದೇ ಇರೋಕೂ ಅವನ ಹತ್ರ ಎಂತದಾದ್ರೂ ಒಳ್ಳೆ ಕಾರಣ ಇರ್ಬೇಕಲ್ಲ. ಅವತ್ತು ಅವ್ನಿಗೆ ಅದು ಸಿಗ್ಲಿಲ್ಲ. ನಾನು ಹುಡುಕ್ತೇನೆ."