ಸಪ್ಪಳವಿಲ್ಲದ ಮೇಡಂ

ನಾನು ನಡೆದರೆ ಸಪ್ಪಳವಾಗುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಳ್ಳುತ್ತಿದ್ದೇನೆ. ನಾನು ಅಡುಗೆಮನೆಗೆ ಕಾಲಿಟ್ಟರೆ ಬೆಲ್ಲದ ಡಬ್ಬಿಯಲ್ಲಿ ಕೈಯಿಟ್ಟುಕೊಂಡು ನಿಂತ ನನ್ನ ಯಜಮಾನರು ಬೆಚ್ಚಿಬೀಳುತ್ತಾರೆ. "ಬರೂ ಮುಂದ ಒಂದೀಟ ಕೆಮ್ಮಬಾರದೇನ ನೀ?" ಎಂದು ಗದರುತ್ತಾರೆ. ಬೆಲ್ಲ ಕದಿಯುವವರು ಅವರು, ಕೆಮ್ಮಬೇಕಾದವಳು ನಾನು. ಸಂಸಾರದ ನ್ಯಾಯವೇ ಹಾಗೆ.

ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಅಲ್ಲಿ ಈ ನಡಿಗೆ ನನಗೆ ದೊಡ್ಡ ಹೆಸರು ತಂದುಕೊಟ್ಟಿದೆ. ಹುಡುಗರು ನನ್ನನ್ನು 'ಸಿಐಡಿ ಮೇಡಂ' ಎನ್ನುತ್ತಾರೆ. ಪರೀಕ್ಷೆಯ ಹೊತ್ತಿನಲ್ಲಿ ನಾನು ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯದೆ, ಅಂಗಿಯ ತೋಳಿನೊಳಗಿನ ಚೀಟಿ ತೆಗೆದ ಎಷ್ಟೋ ವೀರರು ಸಿಕ್ಕಿಬಿದ್ದಿದ್ದಾರೆ. ಮೇಡಂ ಕಳ್ಳರನ್ನು ಹಿಡಿಯಲಿಕ್ಕೆಂದೇ ಬೆಕ್ಕಿನಂತೆ ಹೆಜ್ಜೆ ಇಡುತ್ತಾರೆ, ಭಾರೀ ಶಿಸ್ತಿನವರು ಎಂದು ಊರೆಲ್ಲ ಮಾತು.

ನಿಜ ಬೇರೆಯೇ ಇದೆ. ನಾನು ಸಪ್ಪಳ ಮಾಡದೆ ನಡೆಯುವುದು, ನಾನು ಇಲ್ಲಿರುವುದು ಯಾರಿಗೂ ಗೊತ್ತಾಗದಿರಲಿ ಎಂದು. ತೆಲಸಂಗದ ಎರೆಹೊಲದ ಬದುವಿನ ಮೇಲೆ ಕೂತು ಪುಸ್ತಕ ಓದಿದ ಹುಡುಗಿ ನಾನು, ಹೇಗೋ ಎಂ.ಎ. ಆಯಿತು, ಹೇಗೋ ನೌಕರಿ ಬಂತು. ಆ 'ಹೇಗೋ' ಎಂಬ ಮಾತು ಮಾತ್ರ ಎದೆಯಲ್ಲಿ ಹಾಗೆಯೇ ಉಳಿಯಿತು. ಯಾವುದೋ ಒಂದು ದಿನ ಕಾರಿಡಾರಿನಲ್ಲಿ ಯಾರಾದರೂ ಹಿಂದಿನಿಂದ ಕೂಗಿ, "ಏ ತಂಗಿ, ನಿನಗ ಇಲ್ಲೆ ಏನ ಕೆಲಸ? ನಡಿ ಮನಿಗಿ" ಎನ್ನುತ್ತಾರೆಂದು ಕಾಯುತ್ತಲೇ ಇಷ್ಟು ವರ್ಷ ಸಂಬಳ ತೆಗೆದುಕೊಂಡಿದ್ದೇನೆ. ಅದಕ್ಕೇ ರಬ್ಬರಿನ ಮೆತ್ತನೆಯ ಚಪ್ಪಲಿ, ಗೋಡೆಗುಂಟ ನಡಿಗೆ.

ಹಿಂದಿನ ಪ್ರಾಚಾರ್ಯರು ನಿವೃತ್ತರಾದ ಮೇಲೆ ನನ್ನನ್ನು ಪ್ರಭಾರಿ ಪ್ರಾಚಾರ್ಯೆ ಮಾಡಿದರು. ಆ ಕೋಣೆಯಲ್ಲಿ ಎತ್ತರದ ಬೆನ್ನಿನ, ಗಿರಗಿರ ತಿರುಗುವ ಒಂದು ಕುರ್ಚಿಯಿದೆ. ನಾನು ಅದರಲ್ಲಿ ಕೂಡಲಿಲ್ಲ. ಮೇಜಿನ ಈಚೆ, ಬಂದವರು ಕೂಡುವ ಕುರ್ಚಿಯಲ್ಲೇ ಕೂತು ಸಹಿ ಮಾಡುತ್ತಿದ್ದೆ. ಯಾರಾದರೂ ಪಾಲಕರು ಒಳಗೆ ಇಣುಕಿ, "ಪ್ರಿನ್ಸಿಪಾಲ್ರು ಎಲ್ಲಿ ಅದಾರ್ರಿ?" ಎಂದು ಕೇಳಿದರೆ ನನ್ನ ಬಾಯಿಂದ ತಾನಾಗಿಯೇ ಬರುತ್ತಿತ್ತು: "ಬರ್ತಾರ್ರಿ, ಕೂಡ್ರಿ." ಇಬ್ಬರೂ ಅಕ್ಕಪಕ್ಕ ಕೂತು ಬಾಗಿಲ ಕಡೆ ನೋಡುತ್ತ ಪ್ರಾಚಾರ್ಯರಿಗಾಗಿ ಕಾಯುತ್ತಿದ್ದೆವು. ನನಗೂ ಅವರನ್ನು ನೋಡುವ ಆಸೆ ಬಹಳ ಇತ್ತು.

ಹೀಗಿರುವಾಗ ಸಂಸ್ಥೆಯ ಅಧ್ಯಕ್ಷರಾದ ತಾತ್ಯಾಸಾಹೇಬರು ಬಂದು ಒಂದು ಬಾಂಬು ಹಾಕಿದರು. "ಮೇಡಂ, ನಿಮ್ಮನ್ನ ಕಾಯಂ ಮಾಡೂನು ಅಂತ ಠರಾವ ಮಾಡೇವಿ. ದೀಪಾವಳಿ ಮುಗದ ಮ್ಯಾಲ ಬರೂ ಸೋಮವಾರ ಹೂಂ ಅಂತೀರೋ ಉಹೂಂ ಅಂತೀರೋ ಹೇಳ್ಬಿಡ್ರಿ" ಎಂದರು. ಉಹೂಂ ಎನ್ನಲು ನನಗೆ ಧೈರ್ಯವಿರಲಿಲ್ಲ. ಹೂಂ ಎನ್ನಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕಾಗಿತ್ತು.

ತಾತ್ಯಾಸಾಹೇಬರನ್ನು ನೀವು ನೋಡಬೇಕಾಗಿಲ್ಲ, ಕೇಳಿದರೆ ಸಾಕು. ಅವರ ಕಾಲಲ್ಲಿ ಅಥಣಿಯಲ್ಲಿ ಹೇಳಿ ಮಾಡಿಸಿದ ದಪ್ಪ ಚರ್ಮದ ಚಪ್ಪಲಿ. ಅಟ್ಟೆಯ ಪದರಗಳ ನಡುವೆ ಅದೇನೋ ಇಟ್ಟು ಹೊಲಿದಿರುತ್ತಾರೆ. ಹೆಜ್ಜೆಯಿಟ್ಟರೆ ಕರ್ರ್, ಎತ್ತಿದರೆ ಕರ್ರ್. ನಮ್ಮ ಕಡೆ ದೊಡ್ಡ ಮಂದಿ ಸಪ್ಪಳಕ್ಕೆಂದೇ ಹೆಚ್ಚಿನ ದುಡ್ಡು ಕೊಟ್ಟು ಇಂಥ ಚಪ್ಪಲಿ ಮಾಡಿಸುತ್ತಾರೆ. ತಾತ್ಯಾ ಗೇಟಿನೊಳಗೆ ಕಾಲಿಟ್ಟರೆ ಸ್ಟಾಫ್ ರೂಮಿನಲ್ಲಿ ಚಹಾದ ಕಪ್ಪುಗಳು ಮರೆಯಾಗುತ್ತವೆ, ಕಾಲೇಜಿನ ಸಿಪಾಯಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ.

ಇತಿಹಾಸದ ಮಾಸ್ತರಿಕೆ ಮಾಡುವವರ ಚಟ, ಏನು ಕಂಡರೂ ಹಿಂದಕ್ಕೆ ಹೋಗುವುದು. ನಾಲ್ಕೇ ಹಳ್ಳಿ ಆಳಿದ ಪುಟ್ಟ ನಾಯಕನ ಶಾಸನವನ್ನು ಓದಿ ನೋಡಿ. ಅರ್ಧ ಕಲ್ಲು ಬರೀ ಬಿರುದು. ಗಂಡರ ಗಂಡ, ವೈರಿಗಳಿಗೆ ಸಿಂಹ, ಅದು, ಇದು. ಕೊನೆಗೆ ನೋಡಿದರೆ ಒಂದು ತುಂಡು ಹೊಲ ದಾನ ಮಾಡಿರುತ್ತಾನೆ. ರಾಜರು ಬರುವಾಗ ಮುಂದೆ ಮುಂದೆ ಪರಾಕು ಕೂಗುವವರು ಇರುತ್ತಿದ್ದರು. ಈಗ ಅವರ ಪಗಾರ ಯಾರಿಗೂ ನೀಗುವುದಿಲ್ಲ, ಹಾಗಾಗಿ ಆ ಕೆಲಸ ಚಪ್ಪಲಿಗೆ ಬಂದಿದೆ. ಇನ್ನೊಂದು ಮಾತು: ಅಣ್ಣನನ್ನು ಓಡಿಸಿ, ಮಾವನನ್ನು ಸೆರೆಯಲ್ಲಿಟ್ಟು ಸಿಂಹಾಸನ ಏರಿದ ಎಷ್ಟೋ ಮಂದಿಯ ಕಥೆ ನಾನು ಪಾಠ ಮಾಡಿದ್ದೇನೆ. ಅವರಲ್ಲಿ ಒಬ್ಬನಿಗೂ 'ನಾನು ಇದಕ್ಕೆ ಯೋಗ್ಯನೇ' ಎಂಬ ಸಂಶಯ ಬಂದ ದಾಖಲೆಯಿಲ್ಲ. ಆ ಸಂಶಯವೆಲ್ಲ ಸೋರಿ ಬಂದು ನನ್ನೊಬ್ಬಳ ಪಾಲಿಗೆ ಬಿದ್ದಂತೆ ಕಾಣುತ್ತದೆ.

ಒಂದು ಭಾನುವಾರ ಮೊಬೈಲು ನೋಡುತ್ತಿದ್ದಾಗ ನನ್ನ ಸಂಕಟಕ್ಕೆ ಒಂದು ಹೆಸರಿರುವುದು ತಿಳಿಯಿತು. ಇಂಪೋಸ್ಟರ್ ಸಿಂಡ್ರೋಮ್. ಯೋಗ್ಯತೆಯಿದ್ದೂ ತನಗೆ ಯೋಗ್ಯತೆಯಿಲ್ಲ, ತಾನು ಎಲ್ಲರಿಗೂ ಟೊಪ್ಪಿಗೆ ಹಾಕುತ್ತಿದ್ದೇನೆ ಎಂದುಕೊಳ್ಳುವುದಂತೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ಇಷ್ಟು ಉದ್ದದ, ಇಂಗ್ಲಿಷಿನ, ಭಾರೀ ತೂಕದ ರೋಗ, ಅದೂ ನನಗೆ! ಆದರೆ ಚಹಾ ಆರುವುದರೊಳಗೆ ಖುಷಿ ಇಳಿಯಿತು. ಇದು ಪ್ರತಿಭಾವಂತರಿಗೆ ಹೆಚ್ಚಾಗಿ ಬರುತ್ತದೆ ಎಂದು ಕೆಳಗೆ ಬರೆದಿತ್ತು. ಹಾಗಾದರೆ ನನಗೆ ಬರಲು ಸಾಧ್ಯವೇ ಇಲ್ಲವಲ್ಲ. ಈ ರೋಗಕ್ಕೂ ನಾನು ಯೋಗ್ಯಳಲ್ಲ ಎಂದು ಯಜಮಾನರ ಮುಂದೆ ಅತ್ತುಕೊಂಡೆ. ಅವರು ಬಾಯಲ್ಲಿದ್ದ ಬೆಲ್ಲ ನುಂಗಿ, "ರೋಗ ಐತೋ ಇಲ್ಲೋ ಅದನ್ನರೆ ಯಾರಿಗಾದ್ರೂ ತೋರಿಸಿ ಕೇಳು. ನನ್ನ ಕೇಳಿದ್ರ ನಾ ಏನ ಹೇಳ್ಲಿ?" ಎಂದರು.

ಚಿಕ್ಕೋಡಿಯಲ್ಲಿ ತೋರಿಸಿದರೆ ಸಂಜೆಯೊಳಗೆ ಸಂತೆಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ನಿಪ್ಪಾಣಿಯಲ್ಲಿ ಒಬ್ಬ ಕೌನ್ಸೆಲರ್ ಹುಡುಗಿಯನ್ನು ಹುಡುಕಿ ಶನಿವಾರದ ಮಧ್ಯಾಹ್ನಕ್ಕೆ ವೇಳೆ ತೆಗೆದುಕೊಂಡೆ. ಕದ್ದು ಹೋಗಬೇಕಾದವರು ಕೆಂಪು ಬಸ್ಸು ಹತ್ತಬಾರದು ಎಂಬುದು ಹತ್ತಿದ ಮೇಲೆ ತಿಳಿಯಿತು. ಪಕ್ಕದ ಸೀಟಿನಲ್ಲೇ ಶಾಂತಾಬಾಯಿ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ, ದೊಡ್ಡ ಮಗಳ ಬಾಣಂತನಕ್ಕೆಂದು ಶನಿವಾರ ಶನಿವಾರ ನಿಪ್ಪಾಣಿಗೆ ಹೋಗುವವರು. "ಎಲ್ಲಿಗಿ ಹೊಂಟೀರಿ ಮೇಡಂ?" ಎಂದರು. ನನ್ನ ಬಾಯಿಂದ "ಹಲ್ಲ ನೋಯಸಾಕತ್ತೇತ್ರಿ" ಎಂದು ಬಂತು. ಅಷ್ಟೇ ಸಾಕಾಯಿತು. ಯಾವ ಹಲ್ಲು ಎಂದು ಗದ್ದ ಹಿಡಿದು ನೋಡಿದರು. ಹಿಂದಿನ ಸೀಟಿನವರು ಲವಂಗ ಕೊಟ್ಟರು, ಮುಂದಿನವರು ಉಪ್ಪುನೀರು ಎಂದರು. ನಿಪ್ಪಾಣಿ ಬರುವ ಹೊತ್ತಿಗೆ ನನ್ನ ಹಲ್ಲು ನಿಜವಾಗಿಯೂ ನೋಯುತ್ತಿತ್ತು.

ಕೌನ್ಸೆಲರ್ ಹುಡುಗಿಯ ಹೆಸರು ಸ್ನೇಹಾ. ಅಂಗಡಿಸಾಲಿನ ಮೇಲಿನ ಮಹಡಿಯಲ್ಲಿ ಅವಳದೊಂದು ಕೋಣೆ, ಹೊರಗೆ ಕಾಯುವವರು ಕೂಡಲು ಒಂದು ಮರದ ಬಾಕು. ಒಂದು ಕಣ್ಣಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ ಇಟ್ಟುಕೊಂಡು ನಗುವ ಹುಡುಗಿ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ರೋಗ ನನಗೇ ಬಂದಿದೆ ಎಂದು ಖಾತ್ರಿ ಕೊಟ್ಟಳು. ಆಮೇಲೆ ಹೋಂವರ್ಕ್ ಕೊಟ್ಟಳು. "ಯಾವುದ ಖೋಲಿಯೊಳಗ ಹೋದ್ರೂ ಒಂದ ಸಪ್ಪಳಾ ಮಾಡಿ ಹೋಗ್ರಿ ಮೇಡಂ. ನಾ ಬಂದೇನಿ ಅಂತ ಹೇಳೂದಕ್ಕ ನಿಮಗ ಹಕ್ಕ ಐತಿ."

ಸೋಮವಾರ ಕಾಲೇಜಿನಲ್ಲಿ ಕೆಮ್ಮಿ ಒಳಗೆ ಹೋದೆ. ಸಿಪಾಯಿ ಬಿಸಿನೀರು ತಂದ. ಮರುದಿನ ಜೋರಾಗಿ ಕೆಮ್ಮಿದೆ, ಸ್ಟಾಫ್ ರೂಮಿನಲ್ಲಿ ಇಬ್ಬರು ಮಾಸ್ಕ್ ಹಾಕಿಕೊಂಡರು. ಬಾಗಿಲು ಬಡಿದು ಹೋಗೋಣವೆಂದು ನನ್ನ ಕೋಣೆಯ ಬಾಗಿಲನ್ನೇ ಬಡಿದೆ. ಒಳಗಿಂದ ಯಾರೂ ಬಾ ಎನ್ನದಿದ್ದುದಕ್ಕೆ ಬಹಳ ಹೊತ್ತು ಹೊರಗೇ ನಿಂತೆ. ಇದನ್ನೆಲ್ಲ ಸ್ನೇಹಾಳಿಗೆ ಹೇಳಿದರೆ ಅವಳು ವೃತ್ತಿಧರ್ಮ ಬಿಟ್ಟು ನಕ್ಕಳು.

ಹೀಗೆ ಹೋಗಿ ಬಂದು ಮಾಡುತ್ತ, ತಾತ್ಯಾ ಹೇಳಿದ್ದ ಸೋಮವಾರದ ಹಿಂದಿನ ಶನಿವಾರ ಬಂದೇಬಿಟ್ಟಿತು. ನಾನು ಉಹೂಂ ಎನ್ನುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಅದನ್ನು ಮರ್ಯಾದೆಯಿಂದ ಹೇಳುವುದು ಹೇಗೆಂದು ಸ್ನೇಹಾಳನ್ನು ಕೇಳಬೇಕಿತ್ತು. ಚಪ್ಪಲಿ ಬಾಗಿಲ ಪಕ್ಕ ಬಿಟ್ಟು ಬಾಕಿನ ಮೇಲೆ ಕೂತಿದ್ದೆ. ಆಗ ಕೆಳಗೆ ಮೆಟ್ಟಿಲ ಬುಡದಲ್ಲಿ ಕೇಳಿಸಿತು.

ಕರ್ರ್. ಕರ್ರ್. ಕರ್ರ್.

ಅಷ್ಟು ಜೋರಿನ ಸಪ್ಪಳ ಚಿಕ್ಕೋಡಿ ತಾಲೂಕಿನಲ್ಲೆಲ್ಲ ಒಬ್ಬರದೇ. ಓಡಿಹೋಗಲು ಇದ್ದದ್ದು ಅದೇ ಮೆಟ್ಟಿಲು. ಅಲ್ಲಿ ಬಿದ್ದಿದ್ದ ಮರಾಠಿ ಪೇಪರು ಎತ್ತಿ ಮುಖಕ್ಕೆ ಹಿಡಿದೆ. ಸಪ್ಪಳ ಹತ್ತಿರ ಬಂದು ನಿಂತಿತು. ಪೇಪರಿನ ಆಚೆಯಿಂದ ತಾತ್ಯಾಸಾಹೇಬರ ದನಿ: "ಮೇಡಂ, ಪೇಪರ್ ಉಲ್ಟಾ ಹಿಡದೀರಿ."

ನಾನು ಎದ್ದು ನಿಂತು, "ಹಲ್ಲ ತೋರಸಾಕ ಬಂದಿದ್ದೆ ಸರ್" ಎಂದೆ. "ಹೌದ್ಹೌದು," ಎಂದರು ಅವರು ಗೋಡೆ ನೋಡುತ್ತ, "ನಾನೂ ಇಲ್ಲೆ ಒಬ್ಬ ಟೇಲರ್ ಅದಾನಂತ ಕೇಳಿ ಬಂದಿನ್ರಿ." ಇಬ್ಬರೂ ತಲೆಯಾಡಿಸಿದೆವು. ಅಷ್ಟರಲ್ಲಿ ಬಾಗಿಲು ತೆರೆದು ಸ್ನೇಹಾ ಹೊರಗೆ ಬಂದಳು. ನಮ್ಮಿಬ್ಬರನ್ನೂ ನೋಡಿ ನಾಲಿಗೆ ಕಚ್ಚಿಕೊಂಡಳು. "ಅರೆ ದೇವಾ! ಇಬ್ಬರಿಗೂ ಒಂದ ವೇಳಾ ಕೊಟ್ಟೇನೇನ ನಾ? ಮಾಫ್ ಮಾಡ್ರಿ, ತಪ್ಪ ನಂದು. ಒಳಗ ಒಬ್ಬರದು ಇನ್ನೂ ಮುಗದಿಲ್ಲ" ಎಂದು ಮತ್ತೆ ಒಳಗೆ ಓಡಿದಳು. ಹಲ್ಲೂ ಹೋಯಿತು, ಟೇಲರೂ ಹೋದ. ಬಾಕಿನ ಮೇಲೆ ನಾವಿಬ್ಬರೇ ಉಳಿದೆವು.

ಆಮೇಲೆ ತಾತ್ಯಾ ತಮ್ಮ ಚಪ್ಪಲಿ ನೋಡಿಕೊಳ್ಳುತ್ತ ಅಂದರು: "ನಾ ಮ್ಯಾಟ್ರಿಕ್‌ದಾಗ ಎರಡ ಸರ್ತಿ ಬಿದ್ದಾಂವ್ರಿ. ಅಪ್ಪ ಕಟ್ಟಿದ ಸಂಸ್ಥಾ ಅಂತ ಅಧ್ಯಕ್ಷ ಆದೆ. ಎಂ.ಎ., ಪಿಎಚ್‌ಡಿ ಕಲ್ತವ್ರು ನನ್ನ ನೋಡಿ ಎದ್ದ ನಿಂದರ್ತಾರ. ನನ್ನ ಎದಿ ಡಬಡಬ ಅಂತೇತಿ. ಚಪ್ಪಲಿ ಸಪ್ಪಳದಾಗ ಆ ಎದಿ ಸಪ್ಪಳ ಯಾರಿಗೂ ಕೇಳ್ಸೂದಿಲ್ಲ. ಅದಕ್ಕ ಮಾಡಿಸೇನಿ."

ನಾನು ಕೈಯಲ್ಲಿದ್ದ ಪೇಪರು ಮಡಚಿ ಕೆಳಗಿಟ್ಟೆ. ಅವರೇ ಮುಂದುವರಿಸಿದರು. "ಎಲ್ಲಾರಕಿಂತ ನಿಮ್ಮನ್ನ ಕಂಡ್ರ ಭಾಳ ಅಂಜಿಕಿ ನನಗ. ಹಿಂದ ಯಾವಾಗ ಬಂದ ನಿಂದರ್ತೀರೋ ತಿಳಿಯೂದ ಇಲ್ಲ. ಇವ್ರು ಯಾರನ್ನಾದ್ರೂ ಹಿಡೀತಾರ, ನನ್ನನ್ನೂ ಒಂದಿನ ಹಿಡೀತಾರ ಅನಸ್ತಿತ್ತು. ಪ್ರಿನ್ಸಿಪಾಲ್ ಅಂದ್ರ ಹಿಂಗ ಇರಬೇಕಂತ ನಿಮ್ಮ ಹೆಸರ ಹಾಕಿದೆ."

"ಸರ್, ನಾ ಹಿಡ್ಯಾಕ ಬರ್ತಿದ್ದಿಲ್ರಿ," ಎಂದೆ. ಒಮ್ಮೆ ತೆರೆದ ಬಾಯಿ ನಿಲ್ಲಲಿಲ್ಲ. "ನಾ ಸಿಕ್ಕಬೀಳಬಾರ್ದಂತ ಸಪ್ಪಳಿಲ್ದ ಅಡ್ಡಾಡ್ತಿದ್ದೆ. ಕಳ್ಳರು ತಾವ ನನ್ನ ಮುಂದ ಸಿಕ್ಕಬೀಳ್ತಿದ್ರು. ಆ ಕುರ್ಚಿ ಮ್ಯಾಲ ಸುದ್ದಾ ನಾ ಇವತ್ತಿನ ತನಕ ಕುಂತಿಲ್ರಿ."

ತಾತ್ಯಾ ನನ್ನ ಮುಖ ನೋಡಿದರು. ಮೊದಲು ಅವರ ಮೀಸೆ ನಡುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಬಾಕು. ನಾನೂ ನಕ್ಕೆ. ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲದ ನಗು. ಸ್ನೇಹಾ ಬಾಗಿಲು ತೆರೆದು, ಬಾಯಿಯ ಮೇಲೆ ಬೆರಳಿಟ್ಟು ತೋರಿಸಿ, ತಾನೂ ನಗುತ್ತ ಮುಚ್ಚಿದಳು.

ನಗು ಇಳಿದ ಮೇಲೆ ನನಗೆ ಎಚ್ಚರವಾಯಿತು. ಇಷ್ಟು ವರ್ಷ ಯಾವುದಕ್ಕೆ ಹೆದರುತ್ತಿದ್ದೆನೋ ಅದು ಆಗಿಹೋಗಿತ್ತು. ನಾನು ಸಿಕ್ಕಿಬಿದ್ದಿದ್ದೆ, ಅದೂ ಅಧ್ಯಕ್ಷರ ಕೈಯಲ್ಲಿ. ಇನ್ನು ಆ ಹುದ್ದೆಯನ್ನು ಇವರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಹೊಳೆಯಿತು. ಆಗಲೇ ನನಗೆ ಗೊತ್ತಾದದ್ದು: ಆ ಹುದ್ದೆ ನನಗೆ ಬೇಕಾಗಿತ್ತು. ಬಹಳ ಬೇಕಾಗಿತ್ತು. ಉಹೂಂ ಎನ್ನಲು ಬಂದವಳು ಅಲ್ಲಿ ಕೂತು, ಕೊಟ್ಟದ್ದನ್ನು ಕಸಿದುಕೊಳ್ಳಬೇಡಿರಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಹಂಗಾದ್ರ ಸೋಮವಾರದ್ದು ಹ್ಯಾಂಗ್ರಿ ಸರ್?" ಎಂದೆ ಸಣ್ಣ ದನಿಯಲ್ಲಿ.

"ಹ್ಯಾಂಗ ಅಂದ್ರ? ಠರಾವ ಆಗಿದ್ದ ಆತು" ಎಂದರು ಕಣ್ಣೊರೆಸಿಕೊಳ್ಳುತ್ತ. "ಇಷ್ಟ ದಿನ ನಾ ಅಂಜಿ ನಿಮ್ಮ ಹೆಸರ ಹಾಕಿದ್ದೆ. ಈಗ ಅಂಜಿಕಿ ಹೋತು, ಆದ್ರೂ ನಿಮ್ಮ ಹೆಸರ ಹಾಕ್ತೀನಿ. ಆದ್ರ ಉತ್ತರಾ ನೀವ ಕೊಡಬೇಕು." ಅಷ್ಟರಲ್ಲಿ ಒಳಗಿದ್ದವರು ಹೊರಗೆ ಬಂದರು. ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿ ಊಟ ಮಾಡುವ ಜೈನ ಮನೆತನ ತಾತ್ಯಾರದು. ಅವರೇ ಮೊದಲು ಹೋಗಲಿ ಎಂದೆ. ಅವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸಪ್ಪಳವಿಲ್ಲದೆ ಒಳಗೆ ಹೋದರು.

ಹೊರಗೆ ಉಳಿದವರು ಮೂವರು: ನಾನು, ನನ್ನ ರಬ್ಬರಿನ ಚಪ್ಪಲಿ, ಅವರ ಚಪ್ಪಲಿ. ನನ್ನ ವಯಸ್ಸಿನ ಹೆಂಗಸು ಮಾಡುವ ಕೆಲಸವಲ್ಲ, ಪ್ರಾಚಾರ್ಯೆ ಮಾಡುವ ಕೆಲಸವಂತೂ ಅಲ್ಲ. ಆದರೂ ಅತ್ತಿತ್ತ ನೋಡಿ ಆ ದೊಡ್ಡ ಚಪ್ಪಲಿಯೊಳಗೆ ಕಾಲಿಟ್ಟೆ. ನನ್ನ ಪಾದ ಅರ್ಧದಲ್ಲೇ ಮುಗಿದುಹೋಯಿತು. ಒಂದು ಹೆಜ್ಜೆ ಎಳೆದೆ. ಕರ್ರ್. ಮೈಯೆಲ್ಲ ಜುಮ್ಮೆಂದಿತು. ಇನ್ನೊಂದು. ಆಮೇಲೆ ಕಾರಿಡಾರಿನ ಆ ತುದಿಯವರೆಗೂ ಹೋಗಿ ತಿರುಗಿ ಬಂದೆ, ಕರ್ರ್ ಕರ್ರ್ ಎಂದು, ಸೆರಗು ಬೀಸುತ್ತ.

ಒಳಗಿಂದ ತಾತ್ಯಾರ ಗಾಬರಿಯ ಕೂಗು ಬಂತು: "ಯಾರಲೇ ಅದು? ನನ್ನ ಚಪ್ಪಲಿ!"

"ನಾನ್ರಿ ಸರ್," ಎಂದು ಅಷ್ಟೇ ಜೋರಾಗಿ ಕೂಗಿದೆ, "ಪ್ರಿನ್ಸಿಪಾಲ್!"

ಒಳಗಿಂದ ಮತ್ತೆ ಆ ನಗು ಬಂತು. ಸೋಮವಾರದವರೆಗೆ ಕಾಯುವ ಅಗತ್ಯ ಇಬ್ಬರಿಗೂ ಉಳಿಯಲಿಲ್ಲ.

ಸಂಜೆಯ ಬಸ್ಸಿನಲ್ಲಿ ಮತ್ತೆ ಶಾಂತಾಬಾಯಿ. "ಏನಾತ್ರಿ ಮೇಡಂ, ಹಲ್ಲ ಕಿತ್ತ ಒಗದ್ರೇನು?" ಎಂದು ಕೇಳಿದರು.

"ಇಲ್ರಿ, ಐತಿ. ನೋಯಸೂದೂ ಐತಿ" ಎಂದೆ. "ಆದ್ರ ಆ ನೋಯೂ ಹಲ್ಲಿನಿಂದನ ಕಡಿಯಾಕ ಬರ್ತೈತಂತ ಇವತ್ತ ಗೊತ್ತಾತು."

"ಹಂಗಾರ ಇದನ್ನ ಕಡೀರಿ ನೋಡೂನು" ಎಂದು ಅವರು ಚೀಲದಿಂದ ಶೇಂಗಾ ಚಿಕ್ಕಿ ತೆಗೆದು ಕೈಗಿಟ್ಟರು. ಕಲ್ಲಿನಂಥ ಚಿಕ್ಕಿ. ನಾನು ಅದನ್ನು ಮೆತ್ತಗೆ ಚೀಪುತ್ತ ಕೂಡಲಿಲ್ಲ. ಕಟುಂ ಎಂದು ಕಡಿದ ಸಪ್ಪಳಕ್ಕೆ ಬಸ್ಸಿನಲ್ಲಿ ಇದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು.